ಸುಗ್ಗಿ ಮುಗಿದ ಮ್ಯಾಲೆ ಬದುವಿನ ಗಿಡ ಉಳಿಯೂದಿಲ್ಲ, ಏನ್ ಮಾಡೂಣು?

ಮುಂಡರಗಿಯಾಕಿ:
ನಮಸ್ಕಾರ್ರಿ. ಮುಂಡರಗಿ ತಾಲೂಕಿನ ಎರಡು ಊರಾಗ ಸಣ್ಣ ರೈತರ ಜೋಡಿ ಗಿಡ ಹಚ್ಚಸೂ ಕೆಲಸ ನಂದು. ಹೋದ ಆಷಾಢದಾಗ ಹದಿನೆಂಟು ಮನಿಯವರ ಬದುವಿಗೆ 600 ಸಸಿ ಹಚ್ಚಿಸಿದ್ವಿ. ಹೆಬ್ಬೇವು, ನುಗ್ಗಿ, ಬೇವು. ದೀಪಾವಳಿಗೆ ಎಣಿಸಿದಾಗ 480 ಇದ್ವು, ಊರ ತುಂಬ ಹೇಳ್ಕೊಂಡು ತಿರುಗಿದೆ. ಹೋಳಿ ಹುಣ್ಣಿಮಿ ಮುಗಿಸಿ ಹೋದ್ರ 70.

ನೀರಿಲ್ಲದ ಒಣಗಿದ್ದು ಕಡಿಮಿ. ಕಡ್ಲಿ ಕಿತ್ತು, ಜ್ವಾಳ ಕೊಯ್ದ ಮ್ಯಾಲೆ ಕುರಿ ಬಂದ್ವು. ಕುರಿಯವರಿಗೆ ಬೈಯೂಣಂದ್ರ, ಗೊಬ್ಬರಕ್ಕಂತ ಹೊಲದಾಗ ಕುರಿ ತರುಬಾಕ ಕರದಾವ್ರು ನಮ್ಮ ರೈತರ! "ನಿನ್ನ ಗಿಡ ರೊಕ್ಕ ಕೊಡೂ ಹೊತ್ತಿಗೆ ನಾ ಇರೂದಿಲ್ಲವಾ, ಕುರಿ ಹಿಕ್ಕಿ ಮುಂದಿನ ಸುಗ್ಗಿಗೆ ಕೊಡ್ತೈತಿ" ಅಂದ ಒಬ್ಬ ಅಜ್ಜ. ನನ್ನ ಹತ್ರ ಉತ್ತರ ಇರ್ಲಿಲ್ಲ.

ರೋಣದ ಎರಿಹೊಲ:
ಅಜ್ಜಂದು ಖರೇ ಐತಿ. ಕುರಿ ಬಿಡಬ್ಯಾಡ್ರಿ ಅಂತ ಶುರು ಮಾಡಿದ್ರ ಸೋತಂಗ. ಗಿಡ ಬದಲಸ್ರಿ. ನುಗ್ಗಿ, ಬೇವು ಅಂದ್ರ ಆಡು ಕುರಿಗೆ ಹೋಳಿಗಿ ಊಟ. ಹೊಂಗಿ, ಸೀತಾಫಲ ಮೂಸಿ ನೋಡಿ ಮುಂದ ಹೋಗ್ತಾವ.

ಇನ್ನೊಂದು, ಎರಿ ಭೂಮಿ ಬ್ಯಾಸಗ್ಯಾಗ ಬಿರಿತೈತಿ, ಎಳೆ ಬೇರು ಹರದು ಹೋಗ್ತಾವ. ಅದನ್ನ ತಾಳ್ಕೊಳ್ಳೂದು ಜಾಲಿ. ನಮ್ಮ ಮುತ್ಯಾ ಬದುವಿನ್ಯಾಗ ತಾನ ಹುಟ್ಟಿದ ಜಾಲಿ ಕಡಿತಿರ್ಲಿಲ್ಲ. ಕುಂಟಿ, ಕೂರಿಗಿ, ರಂಟಿ ಎಲ್ಲಾ ಅದರದ. (ಹರಗೂ ಮುಂದ ಮುಳ್ಳು ಚುಚ್ಚಿಸ್ಕೊಂಡು ಬೈಕೊಂಡಿದ್ದು ಬ್ಯಾರೆ ಮಾತು.) ಅದನ್ನ ಬಿತ್ತಿದಾವ್ರು ಯಾರು ಹೇಳ್ರಿ? ಕುರಿ! ಕಾಯಿ ತಿಂದು ಹಿಕ್ಕ್ಯಾಗ ಬೀಜ ಹಾಕ್ತಾವ, ಹಂಗ ಬಂದ ಬೀಜ ಲಗೂನ ಮೊಳಿತೈತಿ. ನೀವು ಹಚ್ಚೂದು ಕಡಿಮಿ ಮಾಡಿ, ಹುಟ್ಟಿದ್ದನ್ನ ಉಳಸೂದು ಕಲಸ್ರಿ.

ಕಲಘಟಗಿ ತೋಟದಾಂವ:
ನಮ್ಮ ಕಡೆ ಮಳಿ ಜಾಸ್ತಿ, ಲೆಕ್ಕ ಬ್ಯಾರೆ. ಸೂರಶೆಟ್ಟಿಕೊಪ್ಪದಾಗ ಬೈಫ್ ಅನ್ನೂ ಸ್ವಯಂಸೇವಾ ಸಂಸ್ಥೆಯವರು ಮಾಡ್ಸಿದ ಹೊಲ ನೋಡ್ರಿ: ಹೊಂಡ, ಬದುವಿನ ಗುಂಟ ಕಾಲುವಿ, ಮಾವು, ಚಿಕ್ಕು. ಅದನ್ನ ಹಂಗ ಎತ್ತಿ ಮುಂಡರಗ್ಯಾಗ ಇಟ್ರ ನಿಲ್ಲೂದಿಲ್ಲ.

ಆದ್ರ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಗೆ ಹೆಸರು ಹಚ್ಚಸ್ರಿ. ನಾ ಹಚ್ಚಿದಾಗ ಒಂದೊಂದು ಗಿಡಕ್ಕ ಮೂರು ವರ್ಷದಾಗ 35, 40, 50, ಒಟ್ಟು 125 ರೂಪಾಯಿ ಇತ್ತು. ಉಳಿದ ಗಿಡಕ್ಕಷ್ಟ ಕೊಡ್ತಾರ, ಹಿಂಗಾಗಿ ಕಾಯಾಕ ಮನಸ್ಸು ಬರ್ತೈತಿ. ಮತ್ತ ಬಾಜು ಹೊಲದಾವ್ನನ್ನ ಮೊದ್ಲ ಕೇಳ್ರಿ. ಮೂಡಣ-ಪಡುವಣ ಬದುವಿದ್ರ ಚಳಿಗಾಲದ ನೆರಳು ಬಡಗಣ ಹೊಲಕ್ಕ ಉದ್ದ ಬೀಳ್ತೈತಿ. ಹಿಂಗಾರಿ ಜ್ವಾಳ ನಿಂತಿರೂದು ಅವಾಗನ. ಆ ಜಗಳಕ್ಕ ರಾತ್ರೋರಾತ್ರಿ ಕೊಡ್ಲಿ ಬಿದ್ದಿದ್ದು ನಾ ಕಂಡೇನಿ.

ಮುಂಡರಗಿಯಾಕಿ:
ಅಜ್ಜನ ಹೊಲಕ್ಕ ಹೋಗಿ ಬಂದೆ. ಬದುವಿನ್ಯಾಗ ಮೊಣಕಾಲುದ್ದದ ಜಾಲಿ ಹನ್ನೊಂದು ಅದಾವ್ರಿ! ಹೋದ ವರ್ಷ ನಾನ ಅವನ್ನ ಕಸ ಅಂತ ಕಡಸಿ ಹೆಬ್ಬೇವು ಹಚ್ಚಿಸಿದ್ದೆ, ಬುಡದಿಂದ ಮತ್ತ ಚಿಗತಾವ. ಅಜ್ಜ ಭಾಳ ನಕ್ಕ.

ಕುರಿಯವರ ಹತ್ರಾನೂ ಮಾತಾಡೇನಿ. ಹಟ್ಟಿ ಬದುವಿನಿಂದ ದೂರ, ಹೊಲದ ನಡುವ ಹಾಕಾಕ ಒಪ್ಪ್ಯಾರ. ಬದ್ಲಿಗೆ ಮುಂದ ಜಾಲಿ ಕಾಯಿ ಬಂದಾಗ ಉದುರಿಸ್ಕೊಳ್ಳಾಕ ಬಿಡಬೇಕಂತ. ಉಳಿದ 70ಕ್ಕ ನಾಳಿಂದ ಮುಳ್ಳು ಕಟ್ತೀವಿ.