ಈರುಳ್ಳಿ ಬೋಂಡಾ ಮತ್ತು ಜೆರಾಕ್ಸ್ ಹೊಡೆಯುವ ಡಿಎನ್‌ಎ

"ಈರುಳ್ಳಿಯ ಡಿಎನ್‌ಎ ನಮ್ಮದಕ್ಕಿಂತ ಐದು ಪಟ್ಟು ದೊಡ್ಡದು" ಎಂದಳು ಮೇಷ್ಟ್ರ ತಮ್ಮನ ಮಗಳು.

ರೆಡ್ಡಿ ಅರ್ಧ ತಿಂದಿದ್ದ ಬೋಂಡಾವನ್ನು ಬೆಳಕಿಗೆ ಹಿಡಿದು ನೋಡಿದ. ಕಚ್ಚಿದ ಕಡೆ ಈರುಳ್ಳಿಯ ಒಂದು ಎಳೆ ಎಣ್ಣೆ ಜಿನುಗಿಸುತ್ತಾ ನೇತಾಡುತ್ತಿತ್ತು.

"ಇದಕ್ಕಾ?"

"ಅದಕ್ಕೇ ಮಾಮ. ಡಿಎನ್‌ಎ ಅನ್ನೋ ಬರಹದಲ್ಲಿ ನಮ್ಮದು ಸುಮಾರು 300 ಕೋಟಿ ಅಕ್ಷರ. ಅದರದು ಸುಮಾರು 1,600 ಕೋಟಿ."

"ಹಾಗಾದರೆ ಬುದ್ಧಿನೂ ನಮಗಿಂತ ಐದು ಪಟ್ಟು ಜಾಸ್ತಿ ಅಂತಲಾ?"

"ನಮ್ಮೆಲ್ಲರನ್ನೂ ಯಾಕೆ ಸೇರಿಸ್ತೀಯಾ? ನಿನ್ನ ಲೆಕ್ಕ ಮಾತ್ರ ಹೇಳು" ಎಂದರು ಗೌಡರು.

ಬೆಂಚಿನವರ ಪರಿಚಯ ಮಾಡಿಬಿಡುತ್ತೇನೆ. ರೆಡ್ಡಿಯದು ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಮಂಡಿ. ಶ್ರೀನಿವಾಸಪುರದ ಕಡೆಯವನು. ವ್ಯಾಪಾರಕ್ಕೆ ಕನ್ನಡ, ಕೋಪಕ್ಕೆ ತೆಲುಗು. ಗೌಡರು ವೇಮಗಲ್ ಕಡೆ ರಾಗಿ, ಟೊಮೆಟೊ ಮತ್ತು ಸಾಲ ಬೆಳೆಯುತ್ತಾರೆ. ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಕೆಲಸದಿಂದ ನಿವೃತ್ತರಾದರು, ಹೇಳಿಕೊಡುವುದರಿಂದ ಇನ್ನೂ ಆಗಿಲ್ಲ. ನನ್ನದು ಕೋರ್ಟಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ಸಂಜೆ ಆದರೆ ನಾಲ್ವರೂ ಮಾರುಕಟ್ಟೆ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಹಾಜರ್.

ಹುಡುಗಿ ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಹಬ್ಬಕ್ಕೆ ಬಂದವಳನ್ನು ಮೇಷ್ಟ್ರು ಹೆಮ್ಮೆಯಿಂದ ಕರೆತಂದಿದ್ದರು. ಅವಳ ವಿಷಯ ಏನೆಂದರೆ, ಗಿಡಗಳಲ್ಲಿ ಒಂದೇ ಡಿಎನ್‌ಎ ತುಂಡು ಸಾವಿರಾರು ಸಲ ಮತ್ತೆ ಮತ್ತೆ ಬರುತ್ತದಂತೆ. ಬರ, ಬಿಸಿಲು, ಚಳಿಗೆ ಗಿಡ ಒಗ್ಗಿಕೊಳ್ಳಲು ಅದು ಹೇಗೆ ನೆರವಾಗುತ್ತದೆ ಎಂದು ಹುಡುಕುವುದು.

"ಹೇಳಿದ್ದನ್ನೇ ಮತ್ತೆ ಮತ್ತೆ ಹೇಳೋದನ್ನ ಓದೋಕೆ ಬೆಂಗಳೂರು ತನಕ ಯಾಕಮ್ಮಾ ಹೋದೆ? ನಿಮ್ಮ ದೊಡ್ಡಪ್ಪನ ಪಕ್ಕ ಒಂದು ವಾರ ಕೂತಿದ್ದರೆ ಸಾಕಿತ್ತಲ್ಲ" ಎಂದರು ಗೌಡರು.

ಮೇಷ್ಟ್ರು ಕೇಳಿಸದವರ ಹಾಗೆ ಟೀ ಊದಿದರು.

ಹುಡುಗಿ ನಕ್ಕು ಶುರು ಮಾಡಿದಳು. ಪ್ರೋಟೀನು ಮಾಡುವ ಜೀನ್‌ಗಳ ಪಾಲು ನಮ್ಮ ಡಿಎನ್‌ಎಯಲ್ಲಿ ನೂರಕ್ಕೆ ಎರಡರಷ್ಟೂ ಇಲ್ಲ. ಅರ್ಧದಷ್ಟು ಈ ಪುನರಾವರ್ತನೆಗಳೇ. ಮುಸುಕಿನ ಜೋಳದ್ದನ್ನು 2009ರಲ್ಲಿ ಓದಿ ಮುಗಿಸಿದಾಗ ನೂರಕ್ಕೆ ಸುಮಾರು 85 ಭಾಗ ಇಂಥ ತುಂಡುಗಳೇ ಎಂದು ಗೊತ್ತಾಯಿತು. ಗೋಧಿಯದೂ ಹೆಚ್ಚುಕಡಿಮೆ ಅದೇ ಕಥೆ.

"ರಾಗಿ?" ಗೌಡರು ಬೆಂಚಿನ ತುದಿಗೆ ಸರಿದರು.

"ರಾಗಿಯಲ್ಲಿ ಸುಮಾರು ಅರ್ಧ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಇದೆಯಲ್ಲ, ನಮ್ಮ ಜಿಕೆವಿಕೆ, ಅವರ ತಂಡವೇ ಎಂಎಲ್-365 ತಳಿಯದನ್ನು ಓದಿ 2017ರಲ್ಲಿ ಪ್ರಕಟಿಸಿತು. ಬರ ತಡೆಯುವ ತಳಿ ಅಂತಲೇ ಅದನ್ನು ಆರಿಸಿಕೊಂಡಿದ್ದು."

"ಬರ ತಡೆಯೋದು ರಾಗಿ, ಹೆಸರು ಜಿಕೆವಿಕೆಗೆ, ಸಾಲ ನನಗೆ" ಎಂದರು ಗೌಡರು. ಆದರೂ ಮುಖದಲ್ಲಿ ಸ್ವಲ್ಪ ಹೆಮ್ಮೆ ಇತ್ತು, ನಾನು ನೋಡಿದೆ.

"ಇಷ್ಟು ದಿನ ಇದನ್ನೆಲ್ಲ ಕಸ ಅಂತಿದ್ದರು ಅಲ್ವಾ?" ಎಂದೆ. ನನಗೂ ವಾಟ್ಸಾಪಿನಲ್ಲಿ ಬರುತ್ತಿರುತ್ತದೆ.

"ಜಂಕ್ ಡಿಎನ್‌ಎ ಅಂತ 1972ರಲ್ಲಿ ಸುಸುಮು ಓನೋ ಅನ್ನೋ ವಿಜ್ಞಾನಿ ಬರೆದರು, ಹೆಸರು ಅಂಟಿಕೊಂಡಿತು. ಆದರೆ ಅದಕ್ಕೂ ಎಷ್ಟೋ ಮುಂಚೆ ಒಬ್ಬಳು ಹೆಂಗಸು..." ಎನ್ನುತ್ತಾ ಮೇಷ್ಟ್ರು ಲೋಟ ಕೆಳಗಿಟ್ಟರು. ಮೇಷ್ಟ್ರು ಲೋಟ ಕೆಳಗಿಟ್ಟರೆ ಪಾಠ ಶುರು ಅಂತ ಅರ್ಥ. ಈ ಕಥೆ ಮಾತ್ರ ಚೆನ್ನಾಗಿ ಹೇಳಿದರು, ಒಪ್ಪಿಕೊಳ್ಳಬೇಕು.

ಬಾರ್ಬರಾ ಮೆಕ್‌ಕ್ಲಿಂಟಾಕ್. ಅಮೆರಿಕದವರು, ಮುಸುಕಿನ ಜೋಳದ ಮೇಲೆ ಕೆಲಸ. ಒಂದು ತೆನೆಯಲ್ಲಿ ಕೆಲವು ಕಾಳು ನೇರಳೆ, ಕೆಲವು ಬಣ್ಣವಿಲ್ಲದ್ದು, ಇನ್ನು ಕೆಲವಕ್ಕೆ ಮೈತುಂಬ ನೇರಳೆ ಚುಕ್ಕೆ. ಚುಕ್ಕೆ ಯಾಕೆ ಅಂತ ಈಕೆ ತಲೆ ಕೆಡಿಸಿಕೊಂಡರು. ಒಂದು ತುಂಡು ಡಿಎನ್‌ಎ ಹೋಗಿ ಬಣ್ಣದ ಜೀನಿನ ಮಧ್ಯೆ ಕೂತರೆ ಬಣ್ಣ ಬಂದ್. ಕಾಳು ಬೆಳೆಯುವಾಗ ಯಾವುದೋ ಒಂದು ಕೋಶದಲ್ಲಿ ಆ ತುಂಡು ಎದ್ದು ಹೋದರೆ, ಆ ಕೋಶದ ಸಂತಾನಕ್ಕೆಲ್ಲ ಬಣ್ಣ ವಾಪಸ್. ಬೇಗ ಎದ್ದರೆ ದೊಡ್ಡ ಚುಕ್ಕೆ, ತಡವಾಗಿ ಎದ್ದರೆ ಸಣ್ಣ ಚುಕ್ಕೆ. ಕಾಳು ನೋಡಿಯೇ ಯಾವಾಗ ಜಿಗಿಯಿತು ಅಂತ ಹೇಳಬಹುದು. 1951ರಲ್ಲಿ ಇದನ್ನು ದೊಡ್ಡ ವಿಜ್ಞಾನಿಗಳ ಸಭೆಯಲ್ಲಿ ಹೇಳಿದರೆ ಯಾರಿಗೂ ತಲೆಗೆ ಹೋಗಲಿಲ್ಲ. ಜೀನ್ ಅಂದರೆ ಇದ್ದಲ್ಲೇ ಇರುವಂಥದ್ದು ಎಂದು ಎಲ್ಲರೂ ನಂಬಿದ್ದ ಕಾಲ. 1983ರಲ್ಲಿ ನೊಬೆಲ್ ಬಂತು. ಆಗ ಅವರಿಗೆ 81 ವರ್ಷ. ಮನೆಯಲ್ಲಿ ಫೋನ್ ಇರಲಿಲ್ಲ, ಸುದ್ದಿ ರೇಡಿಯೋದಲ್ಲಿ ಕೇಳಿ ತಿಳಿದುಕೊಂಡರು.

"ಫೋನ್ ಇಲ್ಲದ್ದಕ್ಕೇ ಕೆಲಸ ಆಗಿದ್ದು" ಎಂದ ರೆಡ್ಡಿ, ಮೂರನೇ ಕರೆ ಕಟ್ ಮಾಡುತ್ತಾ.

"ಈ ಜಿಗಿಯುವ ತುಂಡುಗಳಲ್ಲಿ ಎರಡು ಜಾತಿ" ಎಂದಳು ಹುಡುಗಿ. "ಒಂದು ಇದ್ದ ಜಾಗ ಬಿಟ್ಟು ಇನ್ನೊಂದು ಕಡೆಗೆ ಹೋಗುತ್ತೆ. ಇನ್ನೊಂದು ತಾನು ಇದ್ದಲ್ಲೇ ಇದ್ದು, ತನ್ನ ಪ್ರತಿ ತೆಗೆದು ಬೇರೆ ಕಡೆ ಅಂಟಿಸುತ್ತೆ. ಈರುಳ್ಳಿ, ಮುಸುಕಿನ ಜೋಳದ ಡಿಎನ್‌ಎ ಇಷ್ಟು ಊದಿಕೊಂಡಿರೋದು ಹೆಚ್ಚಾಗಿ ಎರಡನೆಯದರಿಂದ."

"ಅಂದರೆ ಜೆರಾಕ್ಸ್!" ಎಂದೆ. ಜೀವಮಾನದಲ್ಲಿ ಮೊದಲ ಸಲ ವಿಜ್ಞಾನ ನಮ್ಮ ಅಂಗಡಿ ಕಡೆ ಬಂದಿತ್ತು, ಬಿಡುತ್ತೇನೆಯೇ?

"ಹೌದು ಮಾಮ, ಜೆರಾಕ್ಸೇ. ಟೊಮೆಟೊದಲ್ಲಿ ರೈಡರ್ ಅಂತ ಒಂದಿದೆ, ಅದು ಜೆರಾಕ್ಸ್ ಜಾತಿ. ಒಂದು ಸಲ ತನ್ನ ಪ್ರತಿ ತೆಗೆಯುವಾಗ ನಿಲ್ಲಿಸಬೇಕಾದ ಕಡೆ ನಿಲ್ಲಿಸಲಿಲ್ಲ. ಪಕ್ಕದಲ್ಲಿದ್ದ ಸನ್ ಅನ್ನೋ ಜೀನೂ ಸೇರಿ ಪ್ರತಿಯಾಯಿತು. 10ನೇ ಕ್ರೋಮೋಸೋಮಿನಲ್ಲಿ, ಅಂದರೆ ಡಿಎನ್‌ಎಯ 10ನೇ ಕಟ್ಟಿನಲ್ಲಿ, ಇದ್ದದ್ದು 7ನೆಯದರಲ್ಲೂ ಬಂದು ಕೂತಿತು. ಹೊಸ ಜಾಗದಲ್ಲಿ ಆ ಜೀನಿನ ಕೆಲಸ ಜೋರಾಯಿತು, ಗುಂಡಗಿದ್ದ ಹಣ್ಣು ಉದ್ದವಾಯಿತು. ಇದು ಪತ್ತೆಯಾಗಿದ್ದು 2008ರಲ್ಲಿ."

"ನಮ್ಮಲ್ಲೂ ಇದು ನಡೆಯುತ್ತಮ್ಮಾ. ಒಬ್ಬರ ಪಹಣಿ ಜೊತೆ ಇನ್ನೊಬ್ಬರ ಆಧಾರ್ ಸೇರಿಬಿಡುತ್ತೆ. ಆದರೆ ಅಲ್ಲಿ ಹಣ್ಣು ಉದ್ದವಾಗಲ್ಲ, ಜಗಳ ಉದ್ದವಾಗುತ್ತೆ."

ರೆಡ್ಡಿಗೆ ಈಗ ಆಸಕ್ತಿ ಹುಟ್ಟಿತು. "ಹಾಗಾದರೆ ನಮ್ಮ ಮಂಡಿಗೆ ಬರೋ ಫಾರಂ ಹಣ್ಣು ಉದ್ದುದ್ದ ಇರೋದು ಈ ಜೆರಾಕ್ಸಿಂದಲೇ?"

"ಎಲ್ಲವೂ ಅಲ್ಲ ಮಾಮ. ಆಕಾರಕ್ಕೆ ಬೇರೆ ಜೀನ್‌ಗಳೂ ಇವೆ. ಇಂಥ ತಳಿ ಇದರಿಂದಲೇ ಅಂತ ಪರೀಕ್ಷೆ ಮಾಡದೆ ಹೇಳೋಕಾಗಲ್ಲ."

ಈ ಹುಡುಗಿಯಲ್ಲಿ ನನಗೆ ಹಿಡಿಸಿದ್ದು ಇದೇ. ಎಲ್ಲದಕ್ಕೂ ಹೂಂ ಅನ್ನುವುದಿಲ್ಲ.

"ಹಣ್ಣಿನ ತೊಟ್ಟಿನ ಮಧ್ಯೆ ಒಂದು ಗೆಣ್ಣು ಇರುತ್ತಲ್ಲ?" ಎಂದು ಅವಳೇ ಮುಂದುವರಿಸಿದಳು. ಇರುತ್ತದೆ. ಕಿತ್ತಾಗ ಅಲ್ಲೇ ಮುರಿದು, ಅರ್ಧ ತೊಟ್ಟು ಹಣ್ಣಿಗೆ ಅಂಟಿಕೊಂಡೇ ಬರುತ್ತದೆ. 15 ಕೆ.ಜಿ. ಬಾಕ್ಸಿನಲ್ಲಿ ಆ ತೊಟ್ಟು ಪಕ್ಕದ ಹಣ್ಣಿಗೆ ಚುಚ್ಚುತ್ತದೆ, ಚುಚ್ಚಿದ ಕಡೆ ನೀರಾಡುತ್ತದೆ, ದೆಹಲಿ ತಲುಪುವಷ್ಟರಲ್ಲಿ ಕೊಳೆ. ಗೆಣ್ಣೇ ಇಲ್ಲದ ಟೊಮೆಟೊ ಗಲಾಪಗೋಸ್ ದ್ವೀಪದ ಕಾಡು ಗಿಡದಲ್ಲಿ ಸಿಕ್ಕಿತ್ತಂತೆ. ಕಿತ್ತರೆ ತೊಟ್ಟು ಗಿಡದಲ್ಲೇ ಉಳಿಯುತ್ತದೆ. ಯಂತ್ರದಲ್ಲಿ ಕೊಯ್ಯುವ ತಳಿಗಳಿಗೆ ಆ ಗುಣವನ್ನು ಯಾವತ್ತೋ ತಂದರು. ಆದರೆ ಅದರ ಮೂಲದಲ್ಲಿ ರೈಡರ್ ತರಹದ ತುಂಡೊಂದು ಜೀನಿನೊಳಗೆ ನುಗ್ಗಿ ಕೂತಿದೆ ಎಂದು ಗೊತ್ತಾಗಿದ್ದು 2017ರಲ್ಲಿ.

"ಆ ಬೀಜ ಎಲ್ಲಿ ಸಿಗುತ್ತೆ?" ರೆಡ್ಡಿ ಫೋನ್ ಜೇಬಿಗಿಟ್ಟ.

"ತಾಳಿ ಮಾಮ. ಆ ಗುಣವನ್ನು ಇನ್ನೊಂದು ಹಳೇ ಗುಣದ ಜೊತೆ ಸೇರಿಸಿದರೆ ಹೂಗೊಂಚಲು ಸಿಕ್ಕಾಪಟ್ಟೆ ಕವಲೊಡೆಯುತ್ತೆ. ಹೂವು ರಾಶಿ ರಾಶಿ, ಕಾಯಿ ಕಚ್ಚೋದೇ ಕಡಿಮೆ."

"ಚೂಸ್ತಿವಾ!" ಎಂದ ರೆಡ್ಡಿ. ಯಾರ ಮೇಲೆ ಕೋಪ ಅಂತ ಗೊತ್ತಾಗಲಿಲ್ಲ.

ಗೌಡರು ಅಷ್ಟರಲ್ಲಿ ಬೇರೆ ಲೆಕ್ಕ ಹಾಕುತ್ತಿದ್ದರು. "ಆಕಾರ, ತೊಟ್ಟು ಇರಲಿ. ನನ್ನ ಬೋರ್‌ವೆಲ್ ಸಾವಿರದ ಇನ್ನೂರು ಅಡಿ ಹೋಗಿದೆ. ನೀರಿಲ್ಲದೆ ಬದುಕೋಕೆ ಈ ಜೆರಾಕ್ಸ್ ಏನು ಮಾಡುತ್ತೆ, ಅದು ಹೇಳು."

ಹುಡುಗಿ ಕುರ್ಚಿ ಹತ್ತಿರ ಎಳೆದುಕೊಂಡಳು. ಇದು ಅವಳ ಹೊಲ.

ಗಿಡ ಈ ತುಂಡುಗಳನ್ನು ಸುಮ್ನೆ ಬಿಟ್ಟಿರುವುದಿಲ್ಲ. ಡಿಎನ್‌ಎ ಮೇಲೆ ಮೀಥೈಲ್ ಅನ್ನುವ ಗುರುತು ಹಾಕಿ, ಡಿಎನ್‌ಎಯನ್ನೇ ಹೋಲುವ ಆರ್‌ಎನ್‌ಎ ಅನ್ನುವ ಸಣ್ಣ ಸಣ್ಣ ಎಳೆಗಳನ್ನು ಕಾವಲಿಗಿಟ್ಟು ಮಲಗಿಸಿರುತ್ತದೆ. ಮಲಗಿಸದಿದ್ದರೆ ಎಲ್ಲೆಂದರಲ್ಲಿ ನುಗ್ಗಿ ಒಳ್ಳೇ ಜೀನ್‌ಗಳನ್ನೂ ಕೆಡಿಸಿಬಿಡುತ್ತವೆ. ಆದರೆ ಗಿಡ ಕಷ್ಟಕ್ಕೆ ಬಿದ್ದಾಗ ಕೆಲವು ಎದ್ದು ಕೂರುತ್ತವೆ. ಟೊಮೆಟೊ ಗಿಡಕ್ಕೆ ನೀರು ಕಡಿಮೆಯಾದರೆ ಅದೇ ರೈಡರ್ ಏಳುತ್ತದೆ ಎಂದು 2019ರಲ್ಲಿ ತೋರಿಸಿದ್ದಾರೆ. ಬರ ಬಂದಾಗ ಗಿಡದೊಳಗೆ ಓಡಾಡುವ ಹಾರ್ಮೋನೇ ಅದನ್ನು ಎಬ್ಬಿಸುವುದು. ಸಾಸಿವೆ ಜಾತಿಯ ಒಂದು ಪುಟ್ಟ ಗಿಡದಲ್ಲಿ ಆನ್‌ಸೆನ್ ಅನ್ನುವುದು ಬಿಸಿಗೆ ಏಳುತ್ತದೆ. ಅದು ಹೊಸದಾಗಿ ಹೋಗಿ ಕೂತ ಕಡೆ, ಪಕ್ಕದ ಜೀನ್‌ಗಳೂ ಬಿಸಿಗೆ ಸ್ಪಂದಿಸೋಕೆ ಶುರು ಮಾಡಿದವು.

"ಅಂದರೆ ಗಿಡಕ್ಕೆ ಬರ ಬಂದಿದೆ ಅಂತ ಗೊತ್ತಾಗಿ, ತಾನೇ ಬದಲಾಗುತ್ತೆ!" ಎಂದರು ಗೌಡರು.

"ಇಲ್ಲ ಮಾಮ, ಇಲ್ಲೇ ಎಲ್ಲರೂ ಎಡವೋದು. ಗಿಡಕ್ಕೆ ಇಂಥ ಕಡೆಗೇ ಹೋಗು ಅಂತ ಕಳಿಸೋಕೆ ಬರಲ್ಲ. ಆನ್‌ಸೆನ್ ಕೂಡ ಎದ್ದಿತೇ ಹೊರತು, ಕಾವಲು ಸರಿಯಾಗಿದ್ದ ಗಿಡದಲ್ಲಿ ಹೊಸ ಪ್ರತಿ ಮಕ್ಕಳಿಗೆ ದಾಟಲಿಲ್ಲ. ಕಾವಲು ಕೆಟ್ಟ ಗಿಡದಲ್ಲಿ ಮಾತ್ರ ದಾಟಿತು. ದಾಟಿದರೂ ಬಹಳಷ್ಟು ಪ್ರತಿಗಳಿಂದ ಏನೂ ಆಗಲ್ಲ, ಕೆಲವು ಹಾಳು ಮಾಡುತ್ತವೆ. ಎಲ್ಲೋ ಒಂದು ಸರಿಯಾದ ಜಾಗದಲ್ಲಿ ಬೀಳುತ್ತೆ. ಅಂಥ ಗಿಡ ಉಳಿದು ಬೀಜ ಬಿಟ್ಟರೆ, ಅದು ನಮ್ಮ ಕಣ್ಣಿಗೆ ಬೀಳುತ್ತೆ."

ನನಗೆ ಇದು ಸರಿ ಎನಿಸಿತು. ಎಲ್ಲ ಕಸ ಎನ್ನುವುದೂ ಅವಸರ, ಎಲ್ಲ ಚಿನ್ನ ಎನ್ನುವುದೂ ಅವಸರ. ನನ್ನ ಅಂಗಡಿಯಲ್ಲಿ ಬಿದ್ದಿರುವ ಹೆಚ್ಚುವರಿ ಪ್ರತಿಗಳಲ್ಲಿ ಯಾರಾದರೂ ವಾಪಸ್ ಬಂದು ಕೇಳುವುದು ಯಾವಾಗಲೋ ಒಂದನ್ನು. ಹಾಗಂತ ಎಲ್ಲವನ್ನೂ ಗುಜರಿಗೆ ಹಾಕಲು ಧೈರ್ಯ ಬರುವುದಿಲ್ಲ.

ಮೇಷ್ಟ್ರು ಸುಮ್ಮನಿರಲಾರದೆ ಇಸ್ರೇಲಿನ ಕಾಡು ಬಾರ್ಲಿಯನ್ನು ಎಳೆದು ತಂದರು. ಒಂದೇ ಕಣಿವೆ, ಕೂಗಳತೆ ದೂರ. ಅಲ್ಲೇ ಮೇಲಿನ ಒಣ ಜಾಗದ ಗಿಡಗಳಲ್ಲಿ ಬೇರ್-1 ಎಂಬ ತುಂಡಿನ ಪ್ರತಿ ಜಾಸ್ತಿ ಇವೆ ಎಂದು 2000ದಲ್ಲಿ ವರದಿಯಾಗಿತ್ತು.

"ನಮ್ಮ ಅಂತರಗಂಗೆ ಬೆಟ್ಟದ ಮೇಲೂ ಹೀಗೆ ಮಾಡಬಹುದಲ್ಲ? ಕೆಳಗೊಂದು ಸಾಲು, ಮೇಲೊಂದು ಸಾಲು" ಎಂದೆ.

"ಅಲ್ಲಿ ಏನೇ ನೆಟ್ಟರೂ ಪರಿಸರಕ್ಕೆ ಒಗ್ಗಿಕೊಳ್ಳೋದು ಕೋತಿಗಳು" ಎಂದ ರೆಡ್ಡಿ.

"ಪ್ರತಿ ಜಾಸ್ತಿ ಇದೆ ಅಂದ ಮಾತ್ರಕ್ಕೆ ಅದರಿಂದಲೇ ಬದುಕಿತು ಅನ್ನೋಕಾಗಲ್ಲ ದೊಡ್ಡಪ್ಪ" ಎಂದು ಹುಡುಗಿ ಮೆಲ್ಲಗೆ ಹೇಳಿದಳು. ಮೇಷ್ಟ್ರು ಲೋಟ ಎತ್ತಿಕೊಂಡರು. "ಜೀನೇ ನೇರವಾಗಿ ಪ್ರತಿಯಾಗಿ ಕೆಲಸಕ್ಕೆ ಬಂದದ್ದು ನೋಡಬೇಕಂದರೆ ದಂಟಿನ ಸೊಪ್ಪಿನ ದಾಯಾದಿ ಒಂದಿದೆ, ಅಮೆರಿಕದ ಹೊಲಗಳ ಕಳೆ. ಗ್ಲೈಫೋಸೇಟ್ ಅನ್ನೋ ಕಳೆನಾಶಕ ಹೊಡೆದರೂ ಸಾಯಲಿಲ್ಲ. 2010ರಲ್ಲಿ ನೋಡಿದರೆ, ಆ ಔಷಧಿ ಯಾವ ಕಿಣ್ವವನ್ನು ತಡೀಬೇಕೋ ಅದನ್ನು ಮಾಡುವ ಜೀನು ಕೆಲವು ಗಿಡಗಳಲ್ಲಿ ನೂರಕ್ಕೂ ಹೆಚ್ಚು ಪ್ರತಿ ಇತ್ತು. ಔಷಧಿ ಎಷ್ಟನ್ನು ಅಂತ ತಡೆಯುತ್ತೆ?"

"ನನ್ನ ಹೊಲದ ಕಳೆನೂ ಸಾಯಲ್ಲ" ಎಂದರು ಗೌಡರು.

"ನೀವು ಔಷಧಿಗೆ ನೀರು ಜಾಸ್ತಿ ಹಾಕ್ತೀರಿ ಗೌಡ್ರೇ, ಅದಕ್ಕೆ ಡಿಎನ್‌ಎ ಬೇಕಾಗಿಲ್ಲ" ಎಂದ ರೆಡ್ಡಿ.

ಇದನ್ನೆಲ್ಲ ಕಣ್ಣಿಗೆ ಕಾಣದೆ ಹೇಗೆ ಓದುತ್ತಾರೆ ಎಂದು ಕೇಳಿದೆ. ಹೊಲದಲ್ಲೇ ಎಲೆ ಕಿತ್ತು, ಆ ಕ್ಷಣವೇ ದ್ರವ ಸಾರಜನಕದಲ್ಲಿ ಮುಳುಗಿಸುತ್ತಾಳಂತೆ. ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಎಲೆ ಗಾಜಿನ ಹಾಗಾಗುತ್ತದೆ, ಕುಟ್ಟಾಣಿಯಲ್ಲಿ ಕುಟ್ಟಿದರೆ ಹಸಿರು ಹುಡಿ. ತೊಳೆದು, ಸೋಸಿ, ಕೊನೆಗೆ ಆಲ್ಕೋಹಾಲ್ ಹಾಕಿದರೆ ಸೀಸೆಯೊಳಗೆ ಬಿಳಿ ನೂಲು ತೇಲಿ ಬರುತ್ತದೆ. ಅದೇ ಡಿಎನ್‌ಎ. ಕಷ್ಟ ಇರುವುದು ಆಮೇಲೆ. ಹಳೇ ಯಂತ್ರಗಳು ನೂರು ನೂರೈವತ್ತು ಅಕ್ಷರದ ಚೂರುಗಳಾಗಿ ಓದುತ್ತಿದ್ದವು. ಎಲ್ಲ ಚೂರೂ ಒಂದೇ ತರಹ ಇದ್ದರೆ ಯಾವುದು ಯಾವುದರ ಪಕ್ಕ? ಪುಟದ ನಂಬರಿಲ್ಲದ ಒಂದೇ ಹಾಳೆಯ ಸಾವಿರ ಜೆರಾಕ್ಸ್ ಫ್ಯಾನಿನ ಗಾಳಿಗೆ ಹಾರಿದರೆ ನಾನು ಏನು ಮಾಡುತ್ತೇನೆ? ಅಂಗಡಿ ಮುಚ್ಚಿ ಬೆಂಚಿಗೆ ಬರುತ್ತೇನೆ. ಈಗಿನ ಯಂತ್ರಗಳು ಹತ್ತಾರು ಸಾವಿರ ಅಕ್ಷರ ಒಟ್ಟಿಗೆ ಓದುತ್ತವೆ. ಪ್ರತಿಯ ಜೊತೆ ಅದರ ಅಕ್ಕಪಕ್ಕವೂ ಸಿಗುವುದರಿಂದ ಯಾವ ಪ್ರತಿ ಎಲ್ಲಿ ಕೂತಿದೆ ಎಂದು ತಿಳಿಯುತ್ತದೆ.

"ಗೌಡ ಮಾಮ, ನನಗೊಂದು ಸಹಾಯ ಬೇಕು" ಎಂದಳು ಹುಡುಗಿ. ದೊಡ್ಡಪ್ಪನ ಜೊತೆ ಬೆಂಚಿಗೆ ಬಂದಿದ್ದು ಯಾಕೆಂದು ಆಗ ಗೊತ್ತಾಯಿತು. "ಐದು ಗುಂಟೆ ಜಾಗ ಬೇಕು. ನಾಟಿ ಟೊಮೆಟೊ ಹಾಕಿ, ಅರ್ಧಕ್ಕೆ ನೀರು ಕೊಡ್ತೀನಿ, ಅರ್ಧವನ್ನು ಒಣಗಿಸ್ತೀನಿ."

"ಒಣಗಿಸೋಕೆ ಪಿಎಚ್.ಡಿ. ಯಾಕಮ್ಮಾ? ನಾನು ಯಾವ ಡಿಗ್ರಿನೂ ಇಲ್ಲದೆ ಮೂರು ಎಕರೆ ಒಣಗಿಸಿದ್ದೀನಿ."

"ಕೊಡ್ತೀರಾ?"

"ತಗೋ. ಆದರೆ ಹಣ್ಣಿನ ದುಡ್ಡು ಯಾರಿಗೆ?"

"ಕಮಿಷನ್ ನನಗೆ, ಅದರಲ್ಲಿ ಮಾತಿಲ್ಲ" ಎಂದ ರೆಡ್ಡಿ. 2023ರ ಜುಲೈನಲ್ಲಿ ಬಾಕ್ಸಿಗೆ ಎರಡು ಸಾವಿರ ದಾಟಿದ್ದು ಅವನ ಕಣ್ಣಿನಿಂದ ಇನ್ನೂ ಹೋಗಿಲ್ಲ.

"ಮಾರೋ ಹಾಗಿಲ್ಲ ಮಾಮ. ಎಲೆ ಕುಟ್ಟಿ ಹುಡಿ ಮಾಡ್ತೀನಿ, ಹಣ್ಣಿಂದ ಬೀಜ ತೆಗೀತೀನಿ. ಮಕ್ಕಳ ಗಿಡದಲ್ಲಿ ಹೊಸ ಪ್ರತಿ ಇದೆಯಾ ಅಂತ ನೋಡಬೇಕು."

"ಬೀಜ ತೆಗೆದ ಮೇಲೆ ಉಳಿದ ತಿರುಳು?"

"ಅದೇನು ನನಗೆ ಬೇಡ."

ಮೇಷ್ಟ್ರು ತಿರುಳೆಲ್ಲ ತಮ್ಮ ಮನೆಯ ಸಾರಿಗೆ ಎಂದರು. ಜಾಗ ನನ್ನದು ಎಂದರು ಗೌಡರು. ಬಾಕ್ಸು ಯಾರು ಕೊಡ್ತಾರೆ ಎಂದ ರೆಡ್ಡಿ. ಕರಾರು ಪತ್ರ ಬರೆಯುವುದಾದರೆ ಪ್ರತಿ ತೆಗೆದುಕೊಡುವುದು ನನ್ನ ಜವಾಬ್ದಾರಿ, ಎರಡೂ ಬದಿಗೆ ಮೂರು ರೂಪಾಯಿ ಎಂದೆ ನಾನು.