ರಿಸೀವರ್ ಮುಂದಿನ ಎಲ್‌ಎನ್‌ಎ: ಕೇಳೋದಿದ್ರ ಇಲ್ಲೇ ಕೇಳ್ರಿ

ಆರ್‌ಎಫ್ ಇಂಜಿನಿಯರ್, ಕಲಬುರಗಿ: ಸಂಜಿತನಕ ಇರ್ತೀನ್ರಿ. ಆಂಟೆನಾ ಆದಮ್ಯಾಲ ರಿಸೀವರ್‌ಗೆ ಮೊದಲ ಬರೋ ಲೋ ನಾಯ್ಸ್ ಆಂಪ್ಲಿಫೈಯರ್ (ಎಲ್‌ಎನ್‌ಎ), ಅಂದ್ರ ತನ್ನ ನಾಯ್ಸ್ ಕಮ್ಮಿ ಕೂಡ್ಸಿ ಸಣ್ಣ ಸಿಗ್ನಲ್ ದೊಡ್ಡದು ಮಾಡೋದು, ಅದರ ಬಗ್ಗೆ ಅಷ್ಟೇ ಕೇಳ್ರಿ. ಟ್ರಾನ್ಸಿಸ್ಟರ್ ಯಾವುದು, ಕರೆಂಟ್ ಎಷ್ಟು ಎಳೀತದ, ಕೇಬಲ್ ಎಷ್ಟು ಮೀಟರ್, ಅದೂ ಬರೀರಿ.

ಆಳಂದ: ನಮಸ್ಕಾರ ಸರ್. ಮಾಳಿಗಿ ಮ್ಯಾಲ ಆಂಟೆನಾ, ಅಲ್ಲಿಂದ 20 ಮೀಟರ್ ಆರ್‌ಜಿ-58 ಕೇಬಲ್, ಲ್ಯಾಪ್‌ಟಾಪ್ ಬಾಜೂಕ ಎಲ್‌ಎನ್‌ಎ ಹಾಕೀನಿ. 137 ಮೆಗಾಹರ್ಟ್ಜ್ ಹವಾಮಾನ ಉಪಗ್ರಹ ಮೊದಲ ಹ್ಯಾಂಗಿತ್ತೋ ಹಂಗೇ ಅದ, ಏನೂ ಫರಕ್ ಇಲ್ಲ.

ಉತ್ತರ: ಎಲ್‌ಎನ್‌ಎ ಮ್ಯಾಲ ಒಯ್ರಿ, ಆಂಟೆನಾ ಬುಡಕ್ಕ ಹಚ್ರಿ. ಆ ಕೇಬಲ್ಲೇ ಸುಮಾರು 4 ಡಿಬಿ (ಡೆಸಿಬೆಲ್) ತಿಂತದ, ಅಂದ್ರ ಸಿಗ್ನಲ್ ಪವರ್‌ನ ಅರ್ಧಕ್ಕಿಂತ ಹೆಚ್ಚು. ಮೊದಲ ಕಳಕೊಂಡಿದ್ದು ಆಮ್ಯಾಲ ಎಷ್ಟ್ ಗೇನ್ ಕೊಟ್ರೂ, ಅಂದ್ರ ಎಷ್ಟ್ ದೊಡ್ಡದು ಮಾಡಿದ್ರೂ, ವಾಪಸ್ ಬರಂಗಿಲ್ಲ.

ಸೇಡಂ: ತೊಗರಿ ಹೊಲದಾಗ ತೇವಾಂಶದ ಸೆನ್ಸರ್ ಅವ, 865 ಮೆಗಾಹರ್ಟ್ಜ್‌ನ ಲೋರಾ ರೇಡಿಯೊ. ಮಾಡ್ಯೂಲ್ ಆಂಟೆನಾ ನಡುವ ಎಲ್‌ಎನ್‌ಎ ಹಾಕಿದ್ರ ದೂರದ್ದು ಹಿಡೀತದೇನ್ರಿ?

ಉತ್ತರ: ನಿಮ್ಮ ಮಾಡ್ಯೂಲ್ ಅದೇ ಆಂಟೆನಾದಿಂದ ಕಳಸ್ತದ ಸೈತ. ಆ ಪವರ್ ಉಲ್ಟಾ ಹೋಗಿ ಎಲ್‌ಎನ್‌ಎ ಸುಡ್ತದ. ಹಾಕಬ್ಯಾಡ್ರಿ, ಆಂಟೆನಾ ಎತ್ತರ ಮಾಡ್ರಿ.

ಸುರಪುರ: 137ಕ್ಕ ಕಾಯಿಲ್ ಎಷ್ಟ್ ಸುತ್ತು ಹಾಕಬೇಕ್ರಿ ಸರ್?

ಬೀದರ್: ಅಣ್ಣಾ, ನಾನು ಬಿಎಫ್998 ಟ್ರಾನ್ಸಿಸ್ಟರ್ ಹಾಕಿ 137ಕ್ಕ ಎಲ್‌ಎನ್‌ಎ ಮಾಡೀನಿ, 9 ವೋಲ್ಟ್, ಇನ್‌ಪುಟ್‌ಗೆ ಒಂದು ಕಾಯಿಲ್ ಔಟ್‌ಪುಟ್‌ಗೆ ಒಂದು, ಎರಡೂ ಬಾಜೂ ಬಾಜೂ ಕೂಡ್ಸೀನಿ. ಮೂರು ದಿನದಿಂದ ಮಾಳಿಗಿ ಮ್ಯಾಲೇ ಅದ. ಉಪಗ್ರಹ ಬರ್ಲಿಕತ್ತಿಲ್ಲ ಆದ್ರ ಸ್ಕ್ರೀನ್ ಮ್ಯಾಲ 131 ಮೆಗಾಹರ್ಟ್ಜ್ ಹತ್ರ ಒಂದು ದಪ್ಪ ಗೆರಿ ಬರ್ತದ, ಕೈ ಹತ್ರ ಒಯ್ದ್ರ ಸರಕೊಂಡು ಹೋಗ್ತದ, ಕರೆಂಟೂ ಹೆಚ್ಚುಕಮ್ಮಿ ಆಗ್ತದ. ಯಾವುದಾದ್ರೂ ಸ್ಟೇಷನ್ ಏನು ಅದು?

ಉತ್ತರ: ತಮ್ಮಾ, ಮೊದಲ ಸಪ್ಲೈ ತೆಗಿ. ಇದನ್ನ ಓದೋದು ಆಮ್ಯಾಲ, ಮೊದಲ ಮಾಳಿಗಿಗೆ ಹೋಗು.

ತೆಗದಿದ್ರ ಈಗ ಕೇಳು. ಅದು ಸ್ಟೇಷನ್ ಅಲ್ಲ, ನಿನ್ನ ಆಂಪ್ಲಿಫೈಯರೇ ಆಸಿಲೇಟ್ ಆಗ್ಲಿಕತ್ತದ, ಅಂದ್ರ ತಾನೇ ಸಿಗ್ನಲ್ ಹುಟ್ಟಸ್ಲಿಕತ್ತದ. ಕೈ ಒಯ್ದ್ರ ಗೆರಿ ಸರೀತದ, ಕರೆಂಟ್ ಬದಲಾಗ್ತದ ಅಂದಮ್ಯಾಲ ಬ್ಯಾರೆ ಸಾಕ್ಷಿ ಬ್ಯಾಡ. ಆಂಟೆನಾ ಅದರ ಇನ್‌ಪುಟ್‌ಗೇ ಹಚ್ಚದ, ಅಂದ್ರ ಮೂರು ದಿನ ನೀನು ಸಣ್ಣದೊಂದು ಟ್ರಾನ್ಸ್‌ಮಿಟರ್ ನಡೆಸೀದಿ. 118ರಿಂದ 137ರ ತನಕ ವಿಮಾನದೋರು ಮಾತಾಡೋ ಬ್ಯಾಂಡು. ನಿಮ್ಮೂರಾಗ ವಾಯುಪಡೆ ನಿಲ್ದಾಣ ಅದ, ಪೈಲಟ್‌ಗಳ ತರಬೇತಿ ಅಲ್ಲೇ ನಡೀತದ. ಪವರ್ ಎಷ್ಟೇ ಕಮ್ಮಿ ಇದ್ರೂ ಅಲ್ಲಿ ಗೆರಿ ಬೀಳಬಾರದು.

ಬಿಎಫ್998 ಒಳಗಿಂದ ವಾಪಸ್ ಹರಿಯೋದು ಭಾಳ ಕಮ್ಮಿ, ತಪ್ಪು ಅದರದಲ್ಲ, ಕಾಯಿಲ್‌ದು. ಎರಡೂ ಒಂದೇ ದಿಕ್ಕಿಗೆ ಬಾಜೂ ಬಾಜೂ ಇದ್ರ ಔಟ್‌ಪುಟ್ ತಿರುಗಿ ಇನ್‌ಪುಟ್‌ಗೆ ಬರ್ತದ. ಒಂದನ್ನ ಅಡ್ಡ ತಿರುಗಿಸು, ನಡುವ ತಗಡಿನ ಗೋಡಿ ನಿಲ್ಲಿಸಿ ಗ್ರೌಂಡ್‌ಗೆ ಬೆಸುಗಿ ಹಾಕು. ಎರಡನೇ ಗೇಟ್‌ಗೆ 1 ನ್ಯಾನೊಫ್ಯಾರಡ್ ಕೆಪಾಸಿಟರ್, ಕಾಲು ಗಿಡ್ಡ ಇರಬೇಕು, ಸೀದಾ ಗ್ರೌಂಡ್‌ಗೆ. ಡ್ರೇನ್‌ಗೆ 22 ಓಮ್. ಔಟ್‌ಪುಟ್ ಕಾಯಿಲ್‌ಗೆ ಸಮಾನಾಂತರ 1ಕೆ ಹಾಕು. ಇನ್‌ಪುಟ್ ಕಾಯಿಲ್‌ಗೆ ಮಾತ್ರ ರೆಸಿಸ್ಟರ್ ಹಾಕಬ್ಯಾಡ, ಅಲ್ಲಿ ಆದ ನಷ್ಟ ಪೂರ್ತಿ ನಾಯ್ಸ್ ಫಿಗರ್‌ಗೇ (ಆಂಪ್ಲಿಫೈಯರ್ ತಾನೇ ಎಷ್ಟು ನಾಯ್ಸ್ ಕೂಡ್ಸ್ತದ ಅನ್ನೋ ಲೆಕ್ಕ) ಕೂಡ್ತದ. ಆಂಟೆನಾ ಜಾಗಾದಾಗ 50 ಓಮ್ ಹಚ್ಚಿ ಟೇಬಲ್ ಮ್ಯಾಲೇ ನೋಡು.

ಬೀದರ್: ತೆಗದೀನಿ ಅಣ್ಣಾ. ನಂಗ ಗೊತ್ತಿದ್ದಿಲ್ಲ. ಆದ್ರ 1ಕೆ ಹಾಕಿದ್ರ ಗೇನ್ 25ರಿಂದ 15ಕ್ಕ ಇಳೀತದಲ್ಲ?

ಉತ್ತರ: ಇಳೀಲಿ. ಲೆಕ್ಕ ನೋಡು: ನಾಯ್ಸ್ ಫಿಗರ್ ಎಲ್‌ಎನ್‌ಎದು 0.6 ಡಿಬಿ, ಹಿಂದಿನ ರಿಸೀವರ್ ಡಾಂಗಲ್‌ದು 6 ಡಿಬಿ ಹಿಡಿ. ಸಾಲಾಗಿರೋ ಸ್ಟೇಜ್‌ಗಳ ನಾಯ್ಸ್ ಕೂಡ್ಸೋ ಫ್ರೀಸ್ ಸೂತ್ರಕ್ಕ ಹಾಕಿದ್ರ 25 ಡಿಬಿ ಗೇನ್‌ಗೆ ಒಟ್ಟು 0.64, 15 ಡಿಬಿಗೆ 0.94. ಫರಕ್ 0.3. 137ರಾಗ ಆಕಾಶದ ನಾಯ್ಸೇ ಅದಕ್ಕಿಂತ ಭಾಳ ಇರ್ತದ, ನಿಂಗ ಆ 0.3 ಕಾಣಸಂಗೇ ಇಲ್ಲ.

ಶಹಾಪುರ: ಬ್ಯಾರೆ ಗ್ರೂಪಿನಾಗ ಬಂದದ್ದು ನೋಡ್ರಿ: "ಟಿವಿ ಬೂಸ್ಟರ್ ಎರಡು ಸಾಲಾಗಿ ಜೋಡಿಸಿ ಫಾಯಿಲ್ ಸುತ್ತಿರಿ, ಸಿಗ್ನಲ್ 4 ಪಟ್ಟು, ಮೊಬೈಲ್‌ಗೂ ನಡೆಯುತ್ತದೆ."

ಉತ್ತರ: ಯಾರೂ ಮಾಡಬ್ಯಾಡ್ರಿ. ಎರಡು ಬೂಸ್ಟರ್ ಸಾಲಾಗಿ ಇಟ್ರ ನಾಯ್ಸೂ ಅಷ್ಟೇ ಪಟ್ಟು ಏರ್ತದ. ಪರವಾನಗಿ ಇಲ್ಲದ ಮೊಬೈಲ್ ಬೂಸ್ಟರ್ ಹಚ್ಚೋದು ಅಪರಾಧ. ಈಗೇ ಬೀದರಿನ ಹುಡುಗನ ಕಥಿ ಓದಿಲ್ಲೇನು? ಫಾರ್ವರ್ಡ್ ಇಲ್ಲಿ ಹಾಕಬ್ಯಾಡ್ರಿ.

ಜೇವರ್ಗಿ: ಮೊದಲ ಎಫ್‌ಎಂ ತಡಿಯೋ ಫಿಲ್ಟರ್ ಹಾಕ್ರಿ ಎಲ್ಲಾರೂ, ಆಮ್ಯಾಲ ಎಲ್‌ಎನ್‌ಎ.

ಹುಮನಾಬಾದ್: ತಪ್ಪು. ಫಿಲ್ಟರ್ ಮೊದಲ ಹಾಕಿದ್ರ ಅದರ ಲಾಸ್ ನಾಯ್ಸ್ ಫಿಗರ್‌ಗೆ ಕೂಡ್ತದ. ಎಲ್‌ಎನ್‌ಎನೇ ಮೊದಲ.

ಜೇವರ್ಗಿ: ಎಫ್‌ಎಂ ಟವರ್ ಕಣ್ಣಿಗೆ ಕಾಣೋ ಜಾಗಾದಾಗ ಇದ್ದು ನೋಡ್ರಿ, ಮೊದಲನೇ ಸ್ಟೇಜೇ ತುಂಬಿ ಹೋಗ್ತದ.

ಹುಮನಾಬಾದ್: ನಿಮ್ಮ ಎಲ್‌ಎನ್‌ಎ ಸಣ್ಣ ಕರೆಂಟಿಂದು ಇರ್ಬೇಕು. ಎಸ್‌ಪಿಎಫ್5189 ಚಿಪ್ಪಿಂದು ಹಾಕ್ರಿ, 90 ಮಿಲಿಆಂಪ್ ಕುಡೀತದ ಆದ್ರ ತಡ್ಕೋತದ.

ಜೇವರ್ಗಿ: ಬೋರ್ಡ್ ಕೊಂಡು ಹಚ್ಚಿದೋರು ಡಿಸೈನ್ ಹೇಳಬ್ಯಾಡ್ರಿ.

ಹುಮನಾಬಾದ್: ನೀವ್ ಎಷ್ಟು ಮಾಡೀರಿ, ಫೋಟೊ ಹಾಕ್ರಿ ಮೊದಲ.

ಯಾದಗಿರಿ: ಸರ್ ನಂದೂ 15 ಮೀಟರ್ ಕೇಬಲ್, ಎಲ್‌ಎನ್‌ಎ ಕೆಳಗ ಇಟ್ರ ನಡೀತದೇನ್ರಿ?

ಉತ್ತರ: ಆಳಂದದೋರಿಗೆ ಬರ್ದೀನಿ, ಓದ್ರಿ. ಫಿಲ್ಟರ್ ಜಗಳಕ್ಕ: 137ರಾಗ ಎಫ್‌ಎಂ ಟವರ್ ಹತ್ರ ಇದ್ರ ಫಿಲ್ಟರ್ ಮೊದಲ, ಆಕಾಶದ ನಾಯ್ಸ್ ಇದ್ದೇ ಇರ್ತದ, 1 ಡಿಬಿ ಲಾಸ್ ಭಾರ ಆಗಂಗಿಲ್ಲ. ಟವರ್ ದೂರ ಇದ್ರ ಎಲ್‌ಎನ್‌ಎ ಮೊದಲ. ಇಬ್ಬರೂ ಇಲ್ಲಿಗೆ ನಿಲ್ಲಿಸ್ರಿ.

ಸುರಪುರ: ಸರ್ ಕಾಯಿಲ್ ಸುತ್ತು ಕೇಳಿದ್ದೆ...

ಹುಮನಾಬಾದ್: ನಾನ್ ಜಗಳ ಮಾಡ್ಲಿಕತ್ತಿಲ್ಲ, ಲೆಕ್ಕ ಹೇಳ್ಲಿಕತ್ತೀನಿ.

ಬೀದರ್: ಅಣ್ಣಾ, ಕಾಯಿಲ್ ಅಡ್ಡ ಮಾಡ್ದೆ, ತಗಡು ಹಾಕ್ದೆ. ಕರೆಂಟ್ 10 ಮಿಲಿಆಂಪ್, ಕೈ ಒಯ್ದ್ರೂ ಅಲ್ಲಾಡ್ತಿಲ್ಲ. ಗೆರಿ ಹೋಗ್ಯಾದ. ಆಂಟೆನಾ ಹಚ್ಚಲೇನು?

ಉತ್ತರ: ಇನ್ನೂ ಬ್ಯಾಡ. 50 ಓಮ್ ತೆಗದು ಇನ್‌ಪುಟ್ ಖಾಲಿ ಬಿಟ್ಟು ನೋಡು, ಆಮ್ಯಾಲ ಶಾರ್ಟ್ ಮಾಡಿ ನೋಡು. ಎರಡೂ ಸರಿ ಇದ್ರ ಡಬ್ಬಿ ಮುಚ್ಚಿ ಇನ್ನೊಮ್ಮೆ ನೋಡು, ಮುಚ್ಚಳ ಹಾಕಿದಮ್ಯಾಲ ಶುರು ಆಗಿದ್ದು ನಾ ನೋಡೀನಿ.