ತಾರ್ತೀನ್ ಮಾಡುವಾಗ ಬ್ರೆಡ್ಡಿನ ಅಡಿ ಒದ್ದೆಯಾಗದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ಹೊಸಕಾವಲಿ

ಫ್ರಾನ್ಸಿನವರು ತಾರ್ತೀನ್ ಎಂದು ಕರೆಯುವ, ಮೇಲೊಂದು ಹೋಳು ಮುಚ್ಚದೆ ತೆರೆದೇ ಬಡಿಸುವ ಸ್ಯಾಂಡ್‌ವಿಚ್ಚನ್ನು ಮನೆಯಲ್ಲಿ ಮಾಡಲು ಒಂದು ತಿಂಗಳಿನಿಂದ ಪ್ರಯತ್ನಿಸುತ್ತಿದ್ದೇನೆ. ನೋಡಲು ಇಷ್ಟು ಸರಳವಾಗಿರುವ ತಿಂಡಿ ಇನ್ನೂ ಕೈಗೆ ಹತ್ತಿಲ್ಲ ಎಂದು ಹೇಳಿಕೊಳ್ಳುವುದಕ್ಕೆ ಸಂಕೋಚವಾಗುತ್ತದೆ. ಪೊಟ್ಟಣದಲ್ಲಿ ಬರುವ ಬಿಳಿ ಬ್ರೆಡ್ಡಿನ ಹೋಳುಗಳ ಮೇಲೆ ಟೊಮೆಟೊ ಬಿಲ್ಲೆಗಳನ್ನು ಹರಡಿ, ಅದರ ಮೇಲೆ ಮೇಕೆ ಹಾಲಿನ ಚೀಸನ್ನು ದುಂಡಗೆ ಕತ್ತರಿಸಿಟ್ಟು, ಅಕ್ರೋಟು ಉದುರಿಸಿ, 180 ಡಿಗ್ರಿಗೆ ಕಾದ ಓವನ್ನಿನಲ್ಲಿ 12 ನಿಮಿಷ ಇಟ್ಟೆ. ಚೀಸ್ ಕರಗಿ ಹರಿಯಲಿ ಎಂದು ಕಾದಷ್ಟೂ ಅದು ಇದ್ದ ಹಾಗೆಯೇ ಕುಳಿತಿತ್ತು. ಬ್ರೆಡ್ಡಿನ ಅಂಚು ಮಾತ್ರ ರಸ್ಕಿನಂತೆ ಗಡುಸಾಯಿತು. ಕೈಯಲ್ಲಿ ಎತ್ತಿದ ಕೂಡಲೇ ನಡುಭಾಗ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದು, ಟೊಮೆಟೊ ಜಾರಿ ಮಡಿಲಿಗೆ ಬಿತ್ತು.

ಯಾವ ಬಗೆಯ ಬ್ರೆಡ್ ಸರಿ, ಅದನ್ನು ಮೊದಲೇ ಟೋಸ್ಟ್ ಮಾಡಿಕೊಳ್ಳಬೇಕೆ, ಯಾವುದರ ಮೇಲೆ ಯಾವುದನ್ನು ಇಡಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ಮುಂದಿನ ವಾರ ಆರು ಮಂದಿ ಊಟಕ್ಕೆ ಬರುವವರಿದ್ದಾರೆ. ಇದರಲ್ಲಿ ಮೊದಲೇ ಮಾಡಿಟ್ಟುಕೊಳ್ಳಬಹುದಾದದ್ದು ಏನಾದರೂ ಇದೆಯೆ?

ಉತ್ತರ: ಹುಳಿಹಿಟ್ಟು

ನಿಮ್ಮ ತೊಂದರೆ ಟೊಮೆಟೊದಿಂದ ಶುರುವಾದದ್ದಲ್ಲ, ಬ್ರೆಡ್ಡಿನಿಂದಲೇ ಶುರುವಾಗಿದೆ ಎಂದು ನನಗೆ ಅನ್ನಿಸುತ್ತದೆ. ಫ್ರೆಂಚ್ ಭಾಷೆಯಲ್ಲಿ ‘ತಾರ್ತಿನೇ’ ಎಂಬ ಕ್ರಿಯಾಪದಕ್ಕೆ ಬ್ರೆಡ್ಡಿನ ಮೇಲೆ ಸವರುವುದು ಎಂದೇ ಅರ್ಥ. ಅಂದರೆ ಅಲ್ಲಿ ತಿನ್ನುವ ಪದಾರ್ಥ ಬ್ರೆಡ್, ಉಳಿದದ್ದೆಲ್ಲ ಅದಕ್ಕೆ ನಂಚಿಕೆ. ಪೊಟ್ಟಣದ ಬಿಳಿ ಬ್ರೆಡ್ಡಿಗೆ ವಾರವಿಡೀ ಮೆತ್ತಗಿರಲೆಂದು ಕೊಬ್ಬು, ಸಕ್ಕರೆ ಮತ್ತು ಎಣ್ಣೆ ನೀರು ಬೇರೆಯಾಗದಂತೆ ಹಿಡಿದಿಡುವ ಎಮಲ್ಸಿಫೈಯರುಗಳನ್ನು ಸೇರಿಸಿರುತ್ತಾರೆ. ಆ ಮೆತುವೇ ಇಲ್ಲಿ ಶತ್ರು, ಏಕೆಂದರೆ ಅಂತಹ ಹೋಳು ಸ್ಪಂಜಿನಂತೆ ನೀರು ಕುಡಿದು ತನ್ನ ಭಾರಕ್ಕೇ ಕುಸಿಯುತ್ತದೆ. ಫ್ರಾನ್ಸಿನಲ್ಲಿ 1993ರ ಸೆಪ್ಟೆಂಬರಿನಲ್ಲಿ ಹೊರಟ ಸರ್ಕಾರಿ ಆದೇಶದ ಪ್ರಕಾರ ‘ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್’ ಎಂಬ ಹೆಸರಿನಲ್ಲಿ ಮಾರುವ ಬ್ರೆಡ್ಡಿಗೆ ಇಂತಹ ಸಂಯೋಜಕಗಳನ್ನು ಸೇರಿಸುವಂತಿಲ್ಲ, ಹಿಟ್ಟನ್ನು ಯಾವ ಹಂತದಲ್ಲಿಯೂ ಹೆಪ್ಪುಗಟ್ಟಿಸಿ ಇಡುವಂತೆಯೂ ಇಲ್ಲ. ನೀವು ಎಲ್ಲಿ ಕೊಂಡರೂ ಸರಿ, ಪೊಟ್ಟಣದ ಹಿಂಬದಿಯನ್ನು ಓದಿ. ಹಿಟ್ಟು, ನೀರು, ಉಪ್ಪು, ಯೀಸ್ಟ್ ಅಥವಾ ಹುಳಿಹಿಟ್ಟು ಎಂಬಲ್ಲಿಗೆ ಪಟ್ಟಿ ಮುಗಿದರೆ ಅದು ತಾರ್ತೀನಿಗೆ ಆಗಿಬರುವ ಬ್ರೆಡ್.

ಬಹುಮಟ್ಟಿಗೆ ಬಳಸುವುದು ‘ಪೆಂ ದ ಕಾಂಪಾಞ್’, ಅಂದರೆ ಹಳ್ಳಿಯ ಬ್ರೆಡ್. ಗೋಧಿಗೆ ಸ್ವಲ್ಪ ರೈ ಎಂಬ ಧಾನ್ಯದ ಹಿಟ್ಟನ್ನೋ ಇಡೀ ಗೋಧಿಯ ಹಿಟ್ಟನ್ನೋ ಬೆರೆಸಿ, ಹುಳಿ ಬರಿಸಿ, ದೊಡ್ಡ ಗುಂಡಗೆ ಸುಟ್ಟ, ದಪ್ಪ ಸಿಪ್ಪೆಯ ಬ್ರೆಡ್ ಅದು. ಪ್ಯಾರಿಸಿನ ಶೆರ್ಶ್-ಮಿದಿ ಬೀದಿಯಲ್ಲಿ ಪಿಯೆರ್ ಪ್ವಲಾನ್ 1932ರಲ್ಲಿ ತೆರೆದ ಬೇಕರಿಯ, ಸುಮಾರು ಎರಡು ಕಿಲೋ ತೂಗುವ ಗುಂಡು ಬ್ರೆಡ್ಡಿನ ಹೋಳುಗಳ ಮೇಲೆ ತಾರ್ತೀನ್ ಮಾಡುವುದು ಅಲ್ಲಿನ ಕೆಫೆಗಳಲ್ಲಿ ಎಷ್ಟು ಸಾಮಾನ್ಯವೆಂದರೆ, ತಿಂಡಿಪಟ್ಟಿಯಲ್ಲಿ ಬೇಕರಿಯ ಹೆಸರನ್ನೂ ಸೇರಿಸಿ ಬರೆದಿರುತ್ತಾರೆ.

ಹೋಳು ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪವಿರಲಿ, ಒಂದು ದಿನ ಹಳತಾಗಿದ್ದರೆ ಇನ್ನೂ ಒಳ್ಳೆಯದು. ಆದರೆ ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಏಕೆಂದರೆ ಆ ತಣ್ಣಗಿನ ಹವೆಯಲ್ಲಿ ಬ್ರೆಡ್ಡಿನ ಪಿಷ್ಟ ಮತ್ತೆ ಹರಳುಗಟ್ಟುವ ಕ್ರಿಯೆ ಹೊರಗಿಗಿಂತಲೂ ಬೇಗ ನಡೆದು ಬ್ರೆಡ್ ಒರಟಾಗುತ್ತದೆ. ಉಳಿದದ್ದನ್ನು ಹೋಳು ಮಾಡಿ ಫ್ರೀಜರಿಗೆ ಹಾಕಿ, ಬೇಕಾದಾಗ ನೇರವಾಗಿ ಅಲ್ಲಿಂದಲೇ ತೆಗೆದು ಟೋಸ್ಟ್ ಮಾಡಬಹುದು. ದೊಡ್ಡ ತೂತುಗಳಿರುವ ಹೋಳು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ, ತಟ್ಟೆಯಲ್ಲಿ ಜೇನು ಸೋರಿಸುತ್ತದೆ.

ಟೋಸ್ಟ್ ಮಾಡುವಾಗ ಎರಡೂ ಬದಿಗಳನ್ನು ಕೆಂಪಗಾಗಿಸಿ. ಅಡಿಭಾಗ ಚೆನ್ನಾಗಿ ಕೆಂಪಗಾಗಲಿ, ಮೇಲ್ಭಾಗ ಮತ್ತೊಮ್ಮೆ ಬೆಂಕಿ ಕಾಣುವುದರಿಂದ ಹೊಂಬಣ್ಣಕ್ಕೆ ಬಂದರೆ ಸಾಕು. ಬಹಳ ಮಂದಿ ಎಡವುವುದು ಇದರ ನಂತರ. ಬಿಸಿ ಹೋಳನ್ನು ತಟ್ಟೆಯಲ್ಲಿ ಮಲಗಿಸಿದರೆ ಅದರದೇ ಆವಿ ಅಡಿಯಲ್ಲಿ ನೀರಾಗಿ ಕೂರುತ್ತದೆ, ಎರಡೇ ನಿಮಿಷದಲ್ಲಿ ಗರಿತನ ಹೋಗುತ್ತದೆ. ಒಂದಕ್ಕೊಂದು ಒರಗಿಸಿ, ಇಸ್ಪೀಟೆಲೆಯ ಮನೆಯ ಹಾಗೆ ನಿಲ್ಲಿಸಿಡಿ. ಬಿಸಿ ಇರುವಾಗಲೇ ಅರ್ಧ ಕತ್ತರಿಸಿದ ಬೆಳ್ಳುಳ್ಳಿ ಎಸಳನ್ನು ಮೇಲೆ ಉಜ್ಜಿದರೆ, ಗರಿಯಾದ ಮೈ ತುರಿಮಣೆಯಂತೆ ಅದನ್ನು ಸವೆಸಿಕೊಳ್ಳುತ್ತದೆ.

ಉತ್ತರ: ಉಪ್ಪಿನ ಚಿಟಿಕೆ

ಹುಳಿಹಿಟ್ಟು ಅವರು ಬ್ರೆಡ್ಡಿನ ವಿಚಾರವನ್ನು ಸರಿಯಾಗಿಯೇ ಹೇಳಿದ್ದಾರೆ. ಆದರೆ ಟೊಮೆಟೊವನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡುವ ಹಾಗಿಲ್ಲ. ಅದರ ತೂಕದಲ್ಲಿ ನೂರಕ್ಕೆ 94ರಷ್ಟು ಬರೀ ನೀರು. ಬಿಲ್ಲೆಗಳಿಗೆ ಉಪ್ಪು ಸವರಿ ಹತ್ತಿಬಟ್ಟೆಯ ಮೇಲೆ 20 ನಿಮಿಷ ಹರಡಿಟ್ಟರೆ ಬಟ್ಟೆಯ ಮೇಲೆ ದುಂಡನೆಯ ಒದ್ದೆ ಗುರುತುಗಳು ಮೂಡುತ್ತವೆ. ನೀವು ಇಡದೇ ಹೋಗಿದ್ದರೆ ಆ ನೀರೆಲ್ಲ ಬ್ರೆಡ್ಡಿಗೇ ಇಳಿಯುತ್ತಿತ್ತು. ಅಣಬೆಯೂ ಇದೇ ಜಾತಿಯದು. ಅಗಲವಾದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಏನನ್ನೂ ಹಾಕದೆ ಅಣಬೆಯನ್ನು ಮಾತ್ರ ಒಂದೇ ಪದರದಲ್ಲಿ ಹರಡಿ, ಅದು ಬಿಡುವ ನೀರು ಪೂರ್ತಿ ಇಂಗಿ ಚುರುಚುರು ಸದ್ದು ಮತ್ತೆ ಶುರುವಾದ ಮೇಲೆ ಬೆಣ್ಣೆ ಹಾಕಿ ಕೆಂಪಗೆ ಹುರಿದು, ಕೊನೆಯಲ್ಲಿ ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿ ಮತ್ತು ಪಾರ್ಸ್‌ಲೀ ಸೇರಿಸಿ ಇಳಿಸಿದರೆ, ಅದೊಂದೇ ಸಾಕು, ಚೀಸೂ ಬೇಡ.

ಇನ್ನು ಅಡ್ಡಗೋಡೆಯ ಮಾತು. ಬ್ರೆಡ್ಡಿಗೂ ಹಸಿ ಪದಾರ್ಥಕ್ಕೂ ನಡುವೆ ಕೊಬ್ಬಿನ ಒಂದು ಪದರ ಇರಲೇಬೇಕು. ಬೆಣ್ಣೆಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಭಾಗ ಕೊಬ್ಬೇ ಆಗಿರುವುದರಿಂದ ಅದು ನೀರನ್ನು ತಡೆಯುತ್ತದೆ. ಆದರೆ ಉರಿಬಿಸಿ ಟೋಸ್ಟಿನ ಮೇಲೆ ಸವರಿದರೆ ಕರಗಿ ತೂತುಗಳೊಳಗೆ ಇಳಿದುಬಿಡುತ್ತದೆ, ಪದರ ನಿಲ್ಲುವುದಿಲ್ಲ. ಟೋಸ್ಟ್ ಉಗುರುಬೆಚ್ಚಗಾಗುವ ತನಕ ಕಾದು, ಮೆತ್ತಗಿನ ಬೆಣ್ಣೆಯನ್ನು ಅಂಚಿನವರೆಗೂ ಎಳೆಯಿರಿ. ಬಿಸಿ ತಾರ್ತೀನಿನಲ್ಲಿ ಬೆಣ್ಣೆ ಕರಗುವುದು ಹೇಗೂ ತಪ್ಪುವುದಿಲ್ಲವಾದ್ದರಿಂದ ನಾನು ಅಲ್ಲಿ ಕ್ರಮವನ್ನೇ ತಿರುಗಿಸುತ್ತೇನೆ: ಮೊದಲು ಚೀಸನ್ನು ದಪ್ಪಗೆ ಸವರಿ, ಅದರ ಮೇಲೆ ಟೊಮೆಟೊ ಇಡುತ್ತೇನೆ.

ಚೀಸ್ ಹರಿಯಲಿಲ್ಲ ಎಂದು ಬರೆದಿದ್ದೀರಿ. ಅದು ಹರಿಯುವ ಚೀಸೇ ಅಲ್ಲ. ಮೇಕೆ ಹಾಲಿನ ಮೃದು ಚೀಸನ್ನು ಮುಖ್ಯವಾಗಿ ಹುಳಿಯಿಂದ ಹೆಪ್ಪುಗಟ್ಟಿಸುತ್ತಾರೆ. ಹಾಲಿನ ಪ್ರೋಟೀನನ್ನು ಹೆಣೆದಿಟ್ಟಿದ್ದ ಕ್ಯಾಲ್ಸಿಯಮನ್ನು ಆ ಹುಳಿ ಬಿಡಿಸಿಬಿಡುವುದರಿಂದ, ಬಿಸಿ ತಾಗಿದಾಗ ಅದು ಮೆದುವಾಗಿ ಮೇಲ್ಮೈ ಕಂದುತ್ತದೆಯೇ ಹೊರತು ಕೋಂತೇ ಅಥವಾ ಗ್ರೂಯೇರ್ ಎಂಬ ಗಟ್ಟಿ ಚೀಸುಗಳ ಹಾಗೆ ಎಳೆ ಬಿಡುವುದಿಲ್ಲ. ನೀವು 12 ನಿಮಿಷ ಕಾದದ್ದು ಎಂದಿಗೂ ಆಗದ ಸಂಗತಿಗಾಗಿ. ಓವನ್ನಿನ ಮೇಲ್ಗಡೆಯ ಗ್ರಿಲ್ಲನ್ನು ಜೋರಾಗಿ ಕಾಯಿಸಿ, ಅದರಿಂದ ಒಂದು ಗೇಣು ಕೆಳಗೆ ಮೂರು ನಾಲ್ಕು ನಿಮಿಷ ಇಟ್ಟು, ಪಕ್ಕದಲ್ಲೇ ನಿಂತು ನೋಡಿ. ಅಂಚುಗಳಲ್ಲಿ ಕಂದು ಚುಕ್ಕೆ ಬಿದ್ದ ತಕ್ಷಣ ಹೊರಗೆ ತೆಗೆಯಿರಿ.

ಉತ್ತರ: ಸಂಜೆತಿಂಡಿ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ಕ್ರೋಕ್-ಮಸ್ಯೂ ಎಂಬುದೂ ಇದರದೇ ಒಂದು ಬಗೆಯೆ?

ಉತ್ತರ: ಉಪ್ಪಿನ ಚಿಟಿಕೆ

ಅಲ್ಲ. ಅದರಲ್ಲಿ ಎರಡು ಹೋಳುಗಳ ನಡುವೆ ಹ್ಯಾಮ್ ಮತ್ತು ಗ್ರೂಯೇರ್ ಇರುತ್ತವೆ, ಮೇಲೆ ಹಲವರು ಬೆಣ್ಣೆ, ಮೈದಾ, ಹಾಲಿನಿಂದ ಮಾಡಿದ ಬೆಶಾಮೆಲ್ ಎಂಬ ಬಿಳಿ ಸಾಸನ್ನೂ ಸುರಿಯುತ್ತಾರೆ. ಅದರ ಮೇಲೆ ಮೊಟ್ಟೆ ಹುರಿದು ಇಟ್ಟರೆ ಕ್ರೋಕ್-ಮದಾಮ್.

ಉತ್ತರ: ಬೆಳಗಿನ ಬಟ್ಟಲು

ಇಲ್ಲಿ ಓವನ್ನು, ಗ್ರಿಲ್ಲು, ಕ್ಯಾಲ್ಸಿಯಮ್ಮು ಎಂದು ಇಷ್ಟೆಲ್ಲ ಚರ್ಚೆ ನಡೆದಿರುವುದನ್ನು ಓದಿ ನನಗೆ ಸಣ್ಣದೊಂದು ತಕರಾರು ಹುಟ್ಟಿದೆ. ಫ್ರಾನ್ಸಿನ ಮನೆಗಳಲ್ಲಿ ದಿನವೂ ತಿನ್ನುವ ತಾರ್ತೀನಿಗೆ ಬೆಂಕಿಯೇ ಬೇಕಾಗಿಲ್ಲ. ಕೋಲಿನಂತೆ ಉದ್ದನೆಯ ಬಾಗೆತ್ ಬ್ರೆಡ್ಡನ್ನು ಉದ್ದಕ್ಕೆ ಸೀಳಿ, ಬೆಣ್ಣೆ ಮತ್ತು ಜಾಮ್ ಸವರಿ, ದೊಡ್ಡ ಬಟ್ಟಲಿನ ಕಾಫಿಯಲ್ಲೋ ಬಿಸಿ ಚಾಕೊಲೇಟಿನಲ್ಲೋ ಅದ್ದಿ ತಿನ್ನುವುದೇ ಅವರ ಬೆಳಗಿನ ತಾರ್ತೀನ್. ನೀವು ಯಾವುದನ್ನು ತಪ್ಪಿಸಲು ಇಷ್ಟು ಹೆಣಗುತ್ತಿದ್ದೀರೋ, ಆ ಒದ್ದೆ ಬ್ರೆಡ್ಡನ್ನು ಅವರು ಬೆಳಗಾಗೆದ್ದು ಬೇಕೆಂದೇ ಮಾಡಿಕೊಳ್ಳುತ್ತಾರೆ.

ಹೊಸಬರು ಮೊದಲು ತಣ್ಣನೆಯದರಲ್ಲಿ ಕೈ ಪಳಗಿಸಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಕೆಂಪು ಸಣ್ಣ ಮೂಲಂಗಿಯನ್ನು ಕಾಗದದಷ್ಟು ತೆಳ್ಳಗೆ ಬಿಲ್ಲೆ ಮಾಡಿ, ಬೆಣ್ಣೆ ಸವರಿದ ಹೋಳಿನ ಮೇಲೆ ಮೀನಿನ ಪೊರೆಯಂತೆ ಒಂದರ ಮೇಲೊಂದು ಅರ್ಧರ್ಧ ಬರುವ ಹಾಗೆ ಜೋಡಿಸಿ, ಬಾಯಿಗಿಡುವ ಮುನ್ನ ಹರಳುಪ್ಪನ್ನು ಚಿಮುಕಿಸಿ. ಉಪ್ಪು ಮೊದಲೇ ಬಿದ್ದರೆ ಮೂಲಂಗಿ ನೀರು ಬಿಟ್ಟು ಬಾಡುತ್ತದೆ. ಉಪ್ಪು ಬೆರೆತ ಬೆಣ್ಣೆಯಾದರೆ ಈ ಚಿಂತೆಯೂ ಇರುವುದಿಲ್ಲ. ಉಪ್ಪಿನ ಬೆಣ್ಣೆ ಬ್ರಿಟನಿ ಪ್ರಾಂತ್ಯದ ಅಭಿಮಾನದ ವಸ್ತು; ಹಳೆಯ ಅರಸೊತ್ತಿಗೆಯ ಕಾಲದಲ್ಲಿ ಉಪ್ಪಿನ ಮೇಲೆ ‘ಗಾಬೆಲ್’ ಎಂಬ ತೆರಿಗೆ ಇದ್ದಾಗ ಆ ಪ್ರಾಂತ್ಯಕ್ಕೆ ಅದರಿಂದ ವಿನಾಯಿತಿ ಇತ್ತು, ಹಾಗಾಗಿ ಅಲ್ಲಿಯವರು ಬೆಣ್ಣೆಗೆ ಧಾರಾಳವಾಗಿ ಉಪ್ಪು ಹಾಕುವ ರೂಢಿ ಉಳಿಸಿಕೊಂಡರು. 1790ರಲ್ಲಿ ತೆರಿಗೆ ಹೋಯಿತು, ರೂಢಿ ಹೋಗಲಿಲ್ಲ.

ಇನ್ನೊಂದು ಮಾತು: ಬ್ರೆಡ್ ಮತ್ತು ಸವರುವ ಪದಾರ್ಥವನ್ನು ಬಿಟ್ಟು ಎರಡಕ್ಕಿಂತ ಹೆಚ್ಚಿನ ಪದಾರ್ಥ ಹೇರಬೇಡಿ. ರಾಕ್ಫೋರ್ ಚೀಸಿಗೆ ಪೇರ್ ಹಣ್ಣು ಮತ್ತು ಅಕ್ರೋಟು ಸಾಕು. ಬಿಸಿ ತಾರ್ತೀನನ್ನು ಕೈಯಲ್ಲಿ ಎತ್ತಲೇಬೇಕೆಂದೂ ಇಲ್ಲ. ಪ್ಯಾರಿಸಿನ ಕೆಫೆಗಳಲ್ಲಿ ಅದನ್ನು ಸಾಸಿವೆ ಬೆರೆಸಿದ ಹಸಿರು ಸೊಪ್ಪಿನ ಸಲಾಡಿನ ಜೊತೆಗೆ ತಟ್ಟೆಯಲ್ಲಿಟ್ಟು, ಚೂರಿ ಫೋರ್ಕುಗಳಿಂದಲೇ ತಿನ್ನುತ್ತಾರೆ. ನಿಮ್ಮ ಮಡಿಲಿಗೂ ಕ್ಷೇಮ.

ಪ್ರಶ್ನೆ ಕೇಳಿದವರು: ಹೊಸಕಾವಲಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಒಂದು ದಿನ ಹಳೆಯದಾದ ಹುಳಿಹಿಟ್ಟಿನ ಬ್ರೆಡ್ ತಂದು, ಎರಡೂ ಬದಿ ಕೆಂಪಗಾಗಿಸಿ ನಿಲ್ಲಿಸಿಟ್ಟು, ಕೆಳಗೆ ಚೀಸ್ ಮೇಲೆ ಟೊಮೆಟೊ ಎಂಬ ಕ್ರಮದಲ್ಲಿಯೇ ಮಾಡಿದೆ. ಚೂರಿ ಇಟ್ಟಾಗ ಕೇಳಿಸಿದ ‘ಕರಕ್’ ಎಂಬ ಸದ್ದಿಗೆ ಪಕ್ಕದ ಕೋಣೆಯಲ್ಲಿದ್ದವರೂ ಎದ್ದು ಬಂದರು. ಆದರೆ ಅಕ್ರೋಟು ಮೂರೇ ನಿಮಿಷದಲ್ಲಿ ಇದ್ದಿಲಿನಂತೆ ಕಪ್ಪಾಗಿ, ಕಹಿಯನ್ನು ಚೀಸಿಗೂ ಹತ್ತಿಸಿತು. ಆರು ಮಂದಿಯ ಪ್ರಶ್ನೆಯೂ ಹಾಗೆಯೇ ಉಳಿದಿದೆ.

ಉತ್ತರ: ಹುಳಿಹಿಟ್ಟು

ಅಕ್ರೋಟಿನಲ್ಲಿ ಎಣ್ಣೆಯ ಅಂಶ ಹೆಚ್ಚಿರುವುದರಿಂದ ಗ್ರಿಲ್ಲಿನ ನೇರ ಉರಿಗೆ ಅದು ತಾಳುವುದಿಲ್ಲ. 170 ಡಿಗ್ರಿಯ ಓವನ್ನಿನಲ್ಲಿ ಏಳೆಂಟು ನಿಮಿಷ ಬೇರೆಯಾಗಿ ಹುರಿದಿಟ್ಟುಕೊಂಡು, ತಾರ್ತೀನ್ ಹೊರಬಂದ ಮೇಲೆ ಉದುರಿಸಿ. ಜೇನನ್ನೂ ಆಗಲೇ ಹಾಕುವುದು ಲೇಸು.

ಆರು ಮಂದಿಗಾದರೆ ಬೆಳಿಗ್ಗೆಯೇ ಬ್ರೆಡ್ಡನ್ನು ಟೋಸ್ಟ್ ಮಾಡಿ ತಂತಿಜಾಲರಿಯ ಮೇಲೆ ತೆರೆದಿಡಬಹುದು. ಡಬ್ಬಿಯಲ್ಲಿ ಮುಚ್ಚಿಟ್ಟರೆ ಮೆತ್ತಗಾಗುತ್ತದೆ. ಅಕ್ರೋಟು ಹುರಿಯುವುದು, ಸಲಾಡಿಗೆ ಒಂದು ಪಾಲು ವಿನೆಗರಿಗೆ ಮೂರು ಪಾಲು ಎಣ್ಣೆ ಸೇರಿಸಿ ಕದಡಿಡುವುದು, ಇವೂ ಬೆಳಗಿನ ಕೆಲಸಗಳೇ. ಟೊಮೆಟೊಗೆ ಉಪ್ಪು ಹಾಕುವುದು ಅರ್ಧ ಗಂಟೆ ಮುಂಚೆ. ಜೋಡಿಸುವುದು ಮಾತ್ರ ಎಲ್ಲರೂ ಬಂದು ಕುಳಿತ ಮೇಲೆಯೇ ಆಗಬೇಕು. ಆರು ಹೋಳುಗಳೂ ಒಂದೇ ಟ್ರೇಯಲ್ಲಿ ಹಿಡಿಯುತ್ತವೆ. ಗ್ರಿಲ್ಲಿನ ನಡುವೆ ಉರಿ ಹೆಚ್ಚಿರುವುದರಿಂದ ಎರಡು ನಿಮಿಷಕ್ಕೊಮ್ಮೆ ಟ್ರೇಯನ್ನು ತಿರುಗಿಸಲು ಮರೆಯಬೇಡಿ.